ಎರಡು ವರ್ಷ ಕಾದವರಿಗೆ

ಕಳೆದ ಗುರುವಾರ ಮೈಸೂರಿನಲ್ಲಿ ನಮ್ಮ ಮದುವೆ ರಿಜಿಸ್ಟರ್ ಆಯ್ತು. ಫೋನ್ ಮಾಡಿ ಹಾರೈಸಿದವರಿಗೆಲ್ಲ ಥ್ಯಾಂಕ್ಸ್. ಆದರೆ ಕೆಲವರಿಗೆ ಅಷ್ಟು ಹೇಳಿದರೆ ಸಾಲದು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನಗೆ 37 ವರ್ಷ, ಇದು ಮೊದಲ ಮದುವೆ. ಅವಳಿಗೆ ಎರಡನೆಯದು. ಏಳು ವರ್ಷದ ಮಗಳಿದ್ದಾಳೆ, ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತಲೇ ಕರೆಯೋದು. ಪುಟ್ಟಿಗೆ ಎರಡು ವರ್ಷ ಇದ್ದಾಗ ಅವರಪ್ಪ ತೀರಿಕೊಂಡರು. ನಾವಿಬ್ಬರೂ ಪರಿಚಯವಾಗಿ ಮೂರು ವರ್ಷ. ಅದರಲ್ಲಿ ಎರಡು ವರ್ಷ ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಅವಳ ಬಗ್ಗೆ ಒಂದು ದಿನವೂ ಅನುಮಾನ ಬಂದಿದ್ದಿಲ್ಲ. ನನಗಿದ್ದ ಭಯವೆಲ್ಲ ನನ್ನ ಬಗ್ಗೆಯೇ. ಮಲತಂದೆ ಅನ್ನೋ ಪದ ಕೇಳಿದರೇ ಎದೆಯಲ್ಲಿ ಏನೋ ಆಗೋದು. ನಾಳೆ ನಮಗೊಂದು ಮಗು ಆದರೆ ಭೇದ ಮಾಡಿಬಿಡ್ತೀನಾ? ಪುಟ್ಟಿ ತಪ್ಪು ಮಾಡಿದಾಗ ಗದರಿದರೆ ಅವಳ ತಾತ ಏನಂದುಕೊಳ್ತಾರೆ, ಗದರದೇ ಸುಮ್ನೆ ಇದ್ದರೆ ಅದು ಸರೀನಾ, ಅವರಪ್ಪನ ಫೋಟೋ ಇರೋ ಗೋಡೆಯ ಕೆಳಗೆ ಕೂತು ನಾನು ದಿನಾ ಹೇಗೆ ಊಟ ಮಾಡಲಿ, ಹೀಗೆ ರಾತ್ರಿಯೆಲ್ಲ ಯೋಚನೆ.

ಒಂದು ದಿನ ಅವಳೇ ಹೇಳಿದಳು. "ನನಗೆ ಕಾಯೋದು ಕಷ್ಟ ಅಲ್ಲ. ಪುಟ್ಟಿ ನಿಮ್ಮನ್ನ ಹಚ್ಕೊಂಡ ಮೇಲೆ ನೀವು ಬರೋದು ಬಿಟ್ರೆ ಅವಳಿಗೆ ಏನಂತ ಹೇಳ್ಲಿ? ಮನಸ್ಸು ಗಟ್ಟಿ ಆಗೋವರೆಗೂ ಮನೆಗೆ ಬರಬೇಡಿ." ಅವತ್ತು ತುಂಬಾ ಬೇಜಾರಾಗಿತ್ತು. ಇವತ್ತು ನನ್ನ ಮೊದಲ ಥ್ಯಾಂಕ್ಸ್ ಆ ಮಾತಿಗೇ. ಮಗಳ ವಿಷಯದಲ್ಲಿ ಅಷ್ಟು ಗಟ್ಟಿಯಾಗಿ ನಿಂತವಳು ಸಿಕ್ಕಿದ್ದು ನನ್ನ ಪುಣ್ಯ.

ಅದಕ್ಕೂ ಸ್ವಲ್ಪ ಮುಂಚೆ, ಕಾರಂಜಿ ಕೆರೆ ಹತ್ತಿರ ಪುಟ್ಟಿ ನನ್ನ ಬೈಕಿನ ಟ್ಯಾಂಕ್ ಮೇಲೆ ಕೈ ಇಟ್ಟು "ಮಾಮ, ಒಂದು ರೌಂಡ್" ಅಂದಿದ್ದಳು. ಹೆಲ್ಮೆಟ್ ಇಲ್ಲದೆ ಬೇಡ ಅಂದೆ. ಮಾರನೇ ದಿನವೇ ಕೆಂಪು ಬಣ್ಣದ ಚಿಕ್ಕ ಹೆಲ್ಮೆಟ್ ತಂದೆ. ಕೊಡಲಿಲ್ಲ. ಕವರ್ ಕೂಡ ಬಿಚ್ಚದೆ ಅದು ನನ್ನ ರೂಮಿನ ಬೀರು ಮೇಲೆ ವರ್ಷದ ಮೇಲೆ ಕೂತಿತ್ತು.

ಅದನ್ನು ನೋಡಿದ್ದು ನಮ್ಮಕ್ಕ. ಯಾರದ್ದು ಅಂತ ಕೇಳಿದಳು, ಎಲ್ಲ ಹೇಳಿದೆ. "ನಿನಗೆ ಅವರಪ್ಪನ ಜಾಗ ಯಾರು ಕೊಟ್ರೋ? ಆ ಮಗೂಗೆ ಅಪ್ಪ ಇದ್ರು, ತೀರಿಹೋದ್ರು. ನೀನು ಸ್ಕೂಲಿಗೆ ಬಿಡು, ಮಗ್ಗಿ ಹೇಳ್ಕೊಡು, ಜ್ವರ ಬಂದ್ರೆ ಪಕ್ಕದಲ್ಲಿ ಕೂತ್ಕೋ. ಅದು ಆಗುತ್ತಾ ಇಲ್ವಾ, ಅಷ್ಟು ಹೇಳು." ಆಗುತ್ತೆ ಅಂದೆ. ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಊರಲ್ಲಿ ದೊಡ್ಡಪ್ಪ "ನಮ್ಮ ಮನೆತನದಲ್ಲಿ ಇಂಥದ್ದೆಲ್ಲ ಇಲ್ಲ" ಅಂದಾಗ ಮಾತಾಡಿದ್ದು ಅಜ್ಜಿ. "ಯಾಕಿಲ್ಲ? ಗಂಡ ಸತ್ತವರಿಗೆ ಕೂಡಿಕೆ ಅಂತ ಇನ್ನೊಂದು ಮದುವೆ ಮಾಡ್ತಿರ್ಲಿಲ್ವಾ? ಆದ್ರೆ ರಾತ್ರಿ ಹೊತ್ತು, ಕದ್ದು ಮಾಡ್ದಂಗೆ ಮಾಡೋರು. ನೀನು ಹಗಲು ಹೊತ್ತು ಮಾಡ್ಕೋ ಮಗ." ವಿಧವೆಯರ ಮರುಮದುವೆಗೆ ಕಾನೂನು ಬಂದಿದ್ದು 1856ರಲ್ಲಿ. ಇಷ್ಟು ವರ್ಷ ಆದಮೇಲೂ ನನಗೆ ಧೈರ್ಯ ಕೊಟ್ಟಿದ್ದು ಆ ಕಾನೂನಲ್ಲ, ಅಜ್ಜಿಯ ಮಾತು.

ಪುಟ್ಟಿಯ ಇನಿಷಿಯಲ್ ಬದಲಾಯಿಸಬೇಕಾ ಅಂತ ಎಲ್ಲರೂ ಕೇಳೋರು. ವಕೀಲ ಗೆಳೆಯನೊಬ್ಬ ಬಿಡಿಸಿ ಹೇಳಿದ. ತಂದೆ ತೀರಿಕೊಂಡಿದ್ದರೆ ಮಗುವಿನ ಹೆಸರಿನ ವಿಷಯ ತೀರ್ಮಾನಿಸೋ ಹಕ್ಕು ತಾಯಿಯದು, ಅವಳು ಮರುಮದುವೆ ಆಗಿದ್ದರೂ ಸರಿ, 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆಯಂತೆ. ಆ ಕೇಸಿನಲ್ಲಿ ತಾಯಿಯ ಗಂಡನನ್ನು ದಾಖಲೆಯಲ್ಲಿ ಮಲತಂದೆ ಅಂತ ತೋರಿಸಿ ಅಂದಿದ್ದನ್ನು ಕೋರ್ಟ್ ಹೆಚ್ಚೂಕಮ್ಮಿ ಕ್ರೂರ ಅಂದಿತಂತೆ. ಇದನ್ನು ಕೇಳಿ ನನ್ನ ಕಣ್ಣು ತುಂಬಿ ಬಂತು. ಕೊನೆಗೆ ಅಮ್ಮ ಮಗಳು ಮಾತಾಡಿಕೊಂಡು ಹಳೇ ಇನಿಷಿಯಲ್ಲೇ ಇರಲಿ ಅಂದರು. ಹಾಗೇ ಇದೆ.

ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಅಂದರೆ ಮೊದಲು 30 ದಿನದ ನೋಟಿಸ್, ಆಮೇಲೆ ಮೂವರು ಸಾಕ್ಷಿಗಳ ಸಹಿ. ನೋಟಿಸ್‌ನಲ್ಲಿ ನನ್ನ ಹೆಸರಿನ ಮುಂದೆ ಅವಿವಾಹಿತ, ಅವಳದ್ದರ ಮುಂದೆ ವಿಧವೆ. ಸಾಕ್ಷಿಗಳಲ್ಲಿ ಇಬ್ಬರು ನನ್ನ ಅಕ್ಕ, ಭಾವ. ಮೂರನೆಯವರು ಪುಟ್ಟಿಯ ತಾತ. ತೀರಿಕೊಂಡವರ ತಂದೆ. ಹಿಂದಿನ ವಾರ ಫೋನ್ ಮಾಡಿ, "ಗೋಡೆ ಮೇಲಿರೋ ನನ್ನ ಮಗನ ಫೋಟೋ ತೆಗೀಬೇಡಪ್ಪ, ಇಷ್ಟೇ ನಾನು ಕೇಳೋದು" ಅಂದಿದ್ದರು. ತೆಗೆಯಲ್ಲ ಅಂದಿದ್ದೆ. ಅವತ್ತು ಪೆನ್ನು ಕೈಗೆ ಕೊಟ್ಟಾಗ ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡರು. ಮತ್ತೆ ಹಾಕಿಕೊಂಡು, ನಿಧಾನಕ್ಕೆ, ಪೂರ್ತಿ ಹೆಸರು ಬರೆದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟರು. ತಾತ, ನಿಮ್ಮ ಋಣ ಹೇಗೆ ತೀರಿಸಲಿ ನನಗೆ ಗೊತ್ತಿಲ್ಲ.

ಭಾನುವಾರ ಬೀರು ಮೇಲಿಂದ ಹೆಲ್ಮೆಟ್ ಇಳಿಸಿದೆ. ಕವರನ್ನು ಪುಟ್ಟಿಯೇ ಹರಿದಳು. ತಲೆಗೆ ಹಾಕಿಕೊಂಡು ಎರಡೂ ಕೈಯಲ್ಲಿ ಒತ್ತಿದಳು, ಕಿವಿ ಹತ್ತಿರ ಸಿಕ್ಕಿಕೊಂಡಿತು. "ಮಾಮ, ಬಿಗಿ ಆಗ್ತಿದೆ." ನಾನು ಯೋಚನೆ ಮಾಡುತ್ತಾ ಕೂತಿದ್ದಷ್ಟು ದಿನ ಮಗು ಬೆಳೆದಿತ್ತು. ಸಂಜೆ ಮೂವರೂ ಅಂಗಡಿಗೆ ನಡೆದುಕೊಂಡೇ ಹೋದೆವು. ಈ ಸಲ ನೀಲಿ ಬಣ್ಣದ್ದು ಬೇಕು ಅಂದಳು.