ಬೋರ್‌ನಿಂದ ಶುರು ಮಾಡು

ಶ್ರೀನಿವಾಸಪುರ

ಚಿರಂಜೀವಿ ಕಾವ್ಯಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಸಮುದ್ರದ ತಳ ಕೊರೆದು ಎಣ್ಣೆ ತೆಗೆಯುವುದರ ಬಗ್ಗೆ ನೀನು ಮಾಡಿ ಕಳಿಸಿದ ಅನಿಮೇಷನ್ ತುಣುಕನ್ನು ಮೊಬೈಲಿನಲ್ಲಿ ಮೂರು ಸಲ ನೋಡಿದೆ. ನಿನ್ನ ದೊಡ್ಡಮ್ಮ ಒಂದೇ ಸಲ ನೋಡಿ, "ಪಾಪ, ಆ ಹಕ್ಕಿ" ಎಂದು ಅಡಿಗೆಮನೆಗೆ ಹೋದಳು. ಎಣ್ಣೆ ಎಲ್ಲಿಂದ ಬಂತು ಎಂದು ಕೇಳಿದೆ. "ಹಡಗು ಒಡೆದಿರಬೇಕು" ಎಂದಳು.

ತಪ್ಪು ಅವಳದಲ್ಲ. ಮೊದಲ ಚಿತ್ರದಲ್ಲೇ ನೀನು ಒಡೆದ ಹಡಗು ಹಾಕಿದ್ದೀಯ. 2017ರ ಜನವರಿಯಲ್ಲಿ ಚೆನ್ನೈ ಪಕ್ಕದ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿ ಹೊಡೆದು ಎಣ್ಣೆ ಚೆಲ್ಲಿತ್ತು. ಜನ ಬಕೆಟ್‌ನಲ್ಲಿ ಮೊಗೆದರು. ಅದು ಹಡಗಿನ ಕಥೆ. ನಿನ್ನದು ಸಮುದ್ರದ ತಳ ಕೊರೆಯುವ ಕಥೆ. ಎರಡನ್ನೂ ಕಲಸಿದರೆ ವಿಷಯ ಗೊತ್ತಿದ್ದವನೊಬ್ಬ ಎದ್ದು ನಿಂತು "ಇದೇ ತಪ್ಪು" ಎನ್ನುತ್ತಾನೆ. ಆಮೇಲೆ ನೀನು ಹೇಳಿದ ನಿಜವನ್ನೂ ಯಾರೂ ಕೇಳುವುದಿಲ್ಲ.

ನನ್ನ ಮಾತು ಕೇಳುವುದಾದರೆ ನಮ್ಮೂರ ಬೋರ್‌ನಿಂದ ಶುರು ಮಾಡು. ಇಪ್ಪತ್ತಾರು ವರ್ಷ ಬೋರ್ ಕೊರೆಯುವ ರಿಗ್ ಲಾರಿಯ ಹಿಂದೆ ಸುತ್ತಿದವನು ನಾನು, ಅದಕ್ಕೇ ಹೇಳುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ. ರಿಗ್, ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪ್, ಎಲ್ಲಿ ಕೊರೆಯಬೇಕೆಂದು ಗುರುತಿಸುವ ಪಾಯಿಂಟ್ ಅಂದರೆ ಕೋಲಾರದಲ್ಲಿ ಮಕ್ಕಳಿಗೂ ಗೊತ್ತು. ಅಲ್ಲಿಂದ ಸಮುದ್ರಕ್ಕೆ ಕರೆದುಕೊಂಡು ಹೋಗು.

ಆದರೆ ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ತೋರಿಸಬೇಕು. ನಮ್ಮಲ್ಲಿ ಸಾವಿರದ ಇನ್ನೂರು ಅಡಿ ಇಳಿದರೂ ನೀರು ಕರೆದರೂ ಬರುವುದಿಲ್ಲ. ಅಲ್ಲಿ ಎಣ್ಣೆ, ಗ್ಯಾಸ್ ಕರೆಯದೇ ನುಗ್ಗುತ್ತವೆ. ಅದನ್ನು ಒತ್ತಿ ಹಿಡಿಯಲು ಬೆರೈಟ್ ಎನ್ನುವ ಭಾರದ ಕಲ್ಲಿನ ಪುಡಿ ಬೆರೆಸಿದ ಕೆಸರನ್ನು ಪೈಪಿನಲ್ಲಿ ಇಳಿಸುತ್ತಾರೆ. ನಮ್ಮ ರಿಗ್‌ನಲ್ಲಿ ಕಂಪ್ರೆಸರ್ ಗಾಳಿ ಕಲ್ಲುಪುಡಿಯನ್ನು ಊದಿ ಹೊರಗೆ ಹಾಕುತ್ತದೆ, ಅಲ್ಲಿ ಆ ಕೆಸರೇ ಕಲ್ಲಿನ ಚೂರನ್ನು ಹೊತ್ತು ತರುತ್ತದೆ. ಕೆಸರು ಅಂಟಿದ ಚೂರು, ಎಣ್ಣೆಯ ಜೊತೆ ಬರುವ ಉಪ್ಪುನೀರು, ಇವನ್ನು ಬಹಳ ಕಡೆ ಒಂದಷ್ಟು ಶುದ್ಧ ಮಾಡಿ ಸಮುದ್ರಕ್ಕೇ ಬಿಡುತ್ತಾರೆ. ನಿನ್ನ ಚಿತ್ರದಲ್ಲಿ ಇದು ಇಲ್ಲವೇ ಇಲ್ಲ. ಅಪಘಾತ ಎಂದೋ ಒಂದು ದಿನ ಆಗುತ್ತದೆ, ಇದು ದಿನಾ ಆಗುತ್ತದೆ ಅಲ್ವಾ?

ಇನ್ನೊಂದು, ಪಾಯಿಂಟ್ ನೋಡುವುದು. ನಮ್ಮಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ. (ನಾನೂ ಸುತ್ತಿದ್ದೇನೆ, ನಗಬೇಡ.) ಸಮುದ್ರದಲ್ಲಿ ಹಡಗಿನ ಹಿಂದೆ ಒತ್ತಿಟ್ಟ ಗಾಳಿಯನ್ನು ಸಿಡಿಸುವ ಏರ್‌ಗನ್ ಕಟ್ಟಿಕೊಂಡು ಹತ್ತು ಹದಿನೈದು ಸೆಕೆಂಡಿಗೊಂದು ಸಲ ಢಮ್ಮೆನ್ನಿಸುತ್ತಾ ಹೋಗುತ್ತಾರೆ. ತಳದ ಬಂಡೆಯಿಂದ ವಾಪಸ್ ಬರುವ ಸದ್ದಿನಿಂದ ಎಣ್ಣೆ ಎಲ್ಲಿರಬಹುದು ಎಂದು ಅಂದಾಜು ಮಾಡುತ್ತಾರೆ. ಇದು ದಿನಗಟ್ಟಲೆ, ವಾರಗಟ್ಟಲೆ ನಡೆಯುತ್ತದೆ. ತಿಮಿಂಗಿಲ, ಡಾಲ್ಫಿನ್‌ಗಳು ದಾರಿ ಹುಡುಕುವುದೂ ಮಾತಾಡುವುದೂ ಸದ್ದಿನಿಂದಲೇ. ನೀನು ಪೂರ್ತಿ ವೀಣೆ ಹಾಕಿದ್ದೀಯ. ಈ ಜಾಗದಲ್ಲಾದರೂ ಅದನ್ನು ನಿಲ್ಲಿಸಿ ಆ ಢಮ್ ಒಂದನ್ನೇ ಕೇಳಿಸು. ಅರ್ಧ ನಿಮಿಷ ಸಾಕು, ನೋಡುವವರಿಗೇ ಸಾಕಪ್ಪಾ ಅನ್ನಿಸುತ್ತದೆ.

ಅಪಘಾತ ಎಂದರೆ 2010ರ ಏಪ್ರಿಲ್ 20, ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ರಿಗ್. 5,000 ಅಡಿ ನೀರು, ಅದರ ಕೆಳಗೆ ಇನ್ನೂ 13,000 ಅಡಿ ಕೊರೆತ. ಬಾವಿಯ ತಳಕ್ಕೆ ಹಾಕಿದ ಸಿಮೆಂಟ್ ಎಣ್ಣೆ, ಗ್ಯಾಸನ್ನು ತಡೆಯಲಿಲ್ಲ. ಒತ್ತಡದ ಪರೀಕ್ಷೆ ಅಪಾಯ ತೋರಿಸುತ್ತಿದ್ದರೂ ಎಲ್ಲ ಸರಿ ಇದೆ ಅಂದುಕೊಂಡರು. ಬಾವಿಯ ಬಾಯಿ ಮುಚ್ಚಬೇಕಿದ್ದ ಬ್ಲೋಔಟ್ ಪ್ರಿವೆಂಟರ್ ಮುಚ್ಚಲಿಲ್ಲ. ನುಗ್ಗಿದ ಗ್ಯಾಸ್ ಸಿಡಿದು 11 ಜನ ಸತ್ತರು. ಎಣ್ಣೆ 87 ದಿನ ಹರಿಯಿತು. ಕೆಲಸ ಹಿಂದೆ ಬಿದ್ದಿತ್ತು, ಖರ್ಚು ಏರಿತ್ತು, ಅವಸರವಿತ್ತು.

ಆ ಅವಸರ ನನಗೂ ಗೊತ್ತು. ಒಂದು ಸಲ ಮುಳಬಾಗಿಲು ಕಡೆ ಸಡಿಲ ಮಣ್ಣು ಅರವತ್ತು ಅಡಿ ಇದ್ದರೂ ನಲವತ್ತಕ್ಕೇ ಕೇಸಿಂಗ್ ನಿಲ್ಲಿಸಿದೆ. ಪೈಪ್ ಉಳಿಯಿತು, ರಾತ್ರಿ ಇನ್ನೊಂದು ಹೊಲಕ್ಕೆ ಹೋಗುವುದಿತ್ತು. ಎರಡೇ ತಿಂಗಳಿಗೆ ಮಣ್ಣು ಕುಸಿದು ಮೋಟರ್ ಸಮೇತ ಹೂತುಹೋಯಿತು. ಆ ರೈತ ಜಗಳವಾಡಲಿಲ್ಲ, ಅದೇ ಜಾಸ್ತಿ ನೋವಾಯಿತು. ನಿನ್ನ ಚಿತ್ರದಲ್ಲಿ ಕಂಪನಿಯವನಿಗೆ ಕೋರೆಹಲ್ಲು ಬರೆದಿದ್ದೀಯ. ತೆಗೆದುಹಾಕು. ಗಡಿಯಾರ ನೋಡುತ್ತಾ ನಿಂತ ಸಾಧಾರಣ ಮನುಷ್ಯನನ್ನು ಬರಿ.

ಲೆಕ್ಕದ ಚಿತ್ರ ಇನ್ನೂ ಸುಲಭ ಮಾಡಬಹುದು. ಅಮೆರಿಕ ಸರ್ಕಾರದ ಅಂದಾಜಿನಂತೆ ಹರಿದದ್ದು 49 ಲಕ್ಷ ಬ್ಯಾರೆಲ್. ಬ್ಯಾರೆಲ್ ಎಂದರೆ 159 ಲೀಟರ್, ಆದರೆ ಯಾರ ಕಣ್ಣಿಗೆ ಕಟ್ಟುತ್ತದೆ? ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 5,000 ಲೀಟರಿನ ಟ್ಯಾಂಕರ್ ಇಟ್ಟುಕೋ. ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದೆ, ಒಂದೂವರೆ ಲಕ್ಷಕ್ಕೂ ಜಾಸ್ತಿ ಟ್ಯಾಂಕರ್ ಆಯಿತು. ಒಂದಕ್ಕೆ ಏಳು ಮೀಟರ್ ಜಾಗ ಕೊಟ್ಟರೂ ಸಾಲು ಕೋಲಾರದಲ್ಲಿ ಹುಟ್ಟಿ ಮುಂಬೈ ಹತ್ತಿರ ಮುಗಿಯುತ್ತದೆ.

ಮುಂಬೈ ಎಂದ ಮೇಲೆ ಮುಂಬೈ ಹೈ ಬಿಡಬೇಡ. ಎಲ್ಲ ಅಮೆರಿಕದಲ್ಲೇ ನಡೆದ ಹಾಗೆ ತೋರಿಸಿದರೆ ಹೇಗೆ? 1974ರಲ್ಲಿ ಸಮುದ್ರದ ತಳದಲ್ಲಿ ಎಣ್ಣೆ ಸಿಕ್ಕ ಜಾಗ, ದಡದಿಂದ ಸುಮಾರು 160 ಕಿ.ಮೀ. 2005ರ ಜುಲೈ 27ರಂದು ಗಾಯಗೊಂಡ ಕೆಲಸದವನೊಬ್ಬನನ್ನು ಅಲ್ಲಿನ ಎಣ್ಣೆ ತೆಗೆಯುವ ಅಟ್ಟಣೆಗೆ ಇಳಿಸಲು ಬಂದ ಹಡಗು ಅದರ ಗ್ಯಾಸ್ ಪೈಪಿಗೆ ತಾಗಿ ಬೆಂಕಿ ಹತ್ತಿತು. 22 ಜನ ಹೋದರು. ಹಿಂದಿನ ದಿನವಷ್ಟೇ ಮುಂಬೈ ಮಳೆಯಲ್ಲಿ ಮುಳುಗಿತ್ತು. ಆ ಗದ್ದಲದಲ್ಲಿ ಈ ಬೆಂಕಿ ಬಹಳ ಜನರಿಗೆ ನೆನಪೇ ಉಳಿಯಲಿಲ್ಲ.

ಕೊನೆಯಲ್ಲಿ "ಎಣ್ಣೆ ಬೇಡ" ಎಂದು ದೊಡ್ಡ ಅಕ್ಷರದಲ್ಲಿ ಹಾಕಿದ್ದೀಯ. ನನ್ನ ರಿಗ್ ಕುಡಿದದ್ದೂ ಡೀಸೆಲ್ಲೇ, ನೀನು ಓದಿದ್ದು ಆ ದುಡ್ಡಿನಲ್ಲೇ. ಆ ಮಾತು ಸುಮ್ನೆ ಕೂಗಿದ ಹಾಗಿದೆ. ಅದರ ಬದಲು ಏನು ಹಾಕಬೇಕೋ ನೀನೇ ಯೋಚಿಸು, ನನಗೆ ಹೊಳೆದಿಲ್ಲ.

ಮುಂದಿನ ವಾರ ಕೆರೆ ಪಕ್ಕದ ಮಾವಿನ ತೋಟದಲ್ಲಿ ಬೋರ್ ಹಾಕಿಸುತ್ತಿದ್ದಾರೆ. ರಿಗ್ ರಾತ್ರಿ ಬರುತ್ತದಂತೆ. ಸದ್ದು ರೆಕಾರ್ಡ್ ಮಾಡಿಕೊಳ್ಳುವುದಾದರೆ ಶನಿವಾರವೇ ಹೊರಟು ಬಾ. ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ ತಾ, ಧೂಳು ವಿಪರೀತ.

ಇಂತಿ ನಿನ್ನ ದೊಡ್ಡಪ್ಪ