ಅಂಚು ಮಡಚಿದ ಕೈಗೆ

ನಾಟಕ ಮುಗಿದು ಇವತ್ತಿಗೆ ಹದಿನೆಂಟು ದಿನ. ಯಲ್ಲಾಪುರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಪ್ಪ ಒಳಗೆ ಮಲಗಿದ್ದಾರೆ. ಅವರ ಕಾಯಿಲೆಯ ವಿಷಯ ಗೆಳೆಯರಾದ ನಿಮಗೆಲ್ಲ ಗೊತ್ತು, ದಿನಾ ವಿಚಾರಿಸುತ್ತಿದ್ದೀರಿ. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನ್ನೆ ತಾವಾಗಿಯೇ ಎದ್ದು ಕೂತು ಗಂಜಿ ಕುಡಿದರು.

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಎರಡು ವಾರ, ಆರು ಪ್ರದರ್ಶನ. ತೊಂಬತ್ತು ಕುರ್ಚಿ. ಕೊನೆಯ ಎರಡು ದಿನ ಜನ ಗೋಡೆಗೆ ಒರಗಿ ನಿಂತು ನೋಡಿದರು. ಒಪ್ಪಿಕೊಂಡಿದ್ದ ಹಾಲ್ ಕೊನೇ ಗಳಿಗೆಯಲ್ಲಿ ಕೈತಪ್ಪಿದಾಗ ತಮ್ಮ ನೆಲಮಾಳಿಗೆ ಬಿಟ್ಟುಕೊಟ್ಟ ಚರ್ಚಿನವರಿಗೆ, ಟಿಕೆಟ್ ಮಾರಿದವರಿಗೆ, ಕುರ್ಚಿ ಹೊತ್ತವರಿಗೆ, ಎರಡನೇ ಶನಿವಾರ ನಲವತ್ತು ಜನಕ್ಕೆ ಚಿತ್ರಾನ್ನ, ಮೊಸರನ್ನ ಕಟ್ಟಿ ತಂದ ಕನ್ನಡ ಕೂಟದ ಗೆಳತಿಯರಿಗೆ, ಮೂರು ವಾರ ಮಗಳನ್ನು ಒಬ್ಬರೇ ನೋಡಿಕೊಂಡ ನನ್ನ ಮನೆಯವರಿಗೆ, ಎಲ್ಲರಿಗೂ ಕೈಮುಗಿಯುತ್ತೇನೆ. ನಟರ ಬಗ್ಗೆ ನಾನೇನು ಹೇಳಲಿ, ನೀವೇ ಕಣ್ಣಾರೆ ನೋಡಿದ್ದೀರಿ.

ಊರಿನ ಕಡೆಯವರು ಕೆಲವರು ಕೇಳಿದ್ದಾರೆ, ಯಾವ ನಾಟಕ, ನಿನ್ನದೇನು ಪಾತ್ರ ಅಂತ. ನಾನು ಪಾತ್ರ ಮಾಡಲಿಲ್ಲ. ಬೆಳಕು ನೋಡಿಕೊಂಡೆ. ನಾಟಕ ಮೂರು, ಮೂರೂ ಚಿಕ್ಕವು, ಮೂರನ್ನೂ ಬರೆದವರು ಕಪ್ಪು ಅಮೆರಿಕನ್ನರು. ಜಾರ್ಜಿಯಾ ಡಗ್ಲಸ್ ಜಾನ್ಸನ್ ಅವರ 1927ರ ‘ಪ್ಲೂಮ್ಸ್’, ಲ್ಯಾಂಗ್‌ಸ್ಟನ್ ಹ್ಯೂಸ್ ಅವರ 1937ರ ‘ಸೋಲ್ ಗಾನ್ ಹೋಮ್’, ಆಲಿಸ್ ಚಿಲ್ಡ್ರೆಸ್ ಅವರ 1949ರ ‘ಫ್ಲಾರೆನ್ಸ್’. ಹ್ಯೂಸ್ ಹೈಸ್ಕೂಲು ಓದಿದ್ದು ಕ್ಲೀವ್‌ಲ್ಯಾಂಡಿನಲ್ಲೇ. ಹುಡುಗನಾಗಿದ್ದಾಗ ಅವರು ಹೋಗಿ ಬರುತ್ತಿದ್ದ ಜಾಗಕ್ಕೆ ಆಮೇಲೆ ಕರಾಮು ಹೌಸ್ ಅಂತ ಹೆಸರಾಯಿತು. 1915ರಲ್ಲಿ ಶುರುವಾದ ಆ ಮನೆಯಲ್ಲಿ ಈಗಲೂ ನಾಟಕ ನಡೆಯುತ್ತದೆ. ನಮ್ಮ ತಂಡದ ಎಷ್ಟೋ ಜನ ಬದುಕಿನ ಮೊದಲ ನಾಟಕ ನೋಡಿದ್ದೇ ಅಲ್ಲಿ.

ಮೂರು ನಾಟಕದಲ್ಲೂ ಒಬ್ಬ ತಾಯಿ ಇದ್ದಾಳೆ. ಹ್ಯೂಸ್ ನಾಟಕದಲ್ಲಿ ಸತ್ತ ಮಗ ಎದ್ದು ಕೂತು ತಾಯಿಯನ್ನು ಆಡಿಕೊಳ್ಳುತ್ತಾನೆ, ನನ್ನನ್ನು ಸರಿಯಾಗಿ ಸಾಕಲಿಲ್ಲ ನೀನು ಅಂತ. ‘ಫ್ಲಾರೆನ್ಸ್’ ನಡೆಯುವುದು ದಕ್ಷಿಣದ ಒಂದು ರೈಲು ನಿಲ್ದಾಣದಲ್ಲಿ. ಬಿಳಿಯರಿಗೆ ಒಂದು ಕಡೆ, ಕಪ್ಪು ಜನರಿಗೆ ಒಂದು ಕಡೆ, ನಡುವೆ ಅಡ್ಡಕಂಬಿ. ನ್ಯೂಯಾರ್ಕಿನಲ್ಲಿ ನಟಿಯಾಗಲು ಒದ್ದಾಡುತ್ತಿರುವ ಮಗಳನ್ನು ಮನೆಗೆ ಕರೆತರಲು ಹೊರಟ ತಾಯಿ, ಆ ಕಂಬಿಯ ಆಚೆ ಕೂತ ಒಬ್ಬ ಬಿಳಿ ಹೆಂಗಸಿನ ‘ಸಹಾಯ’ ಎಂಥದ್ದು ಅಂತ ಕಂಡ ಮೇಲೆ ಪ್ರಯಾಣ ಬಿಟ್ಟು, ದುಡ್ಡನ್ನೇ ಮಗಳಿಗೆ ಕಳಿಸಿಬಿಡುತ್ತಾಳೆ. ಪ್ರಯತ್ನ ಬಿಡಬೇಡ ಅಂತ ಬರೆದು.

‘ಪ್ಲೂಮ್ಸ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಡ ತಾಯಿ. ಮಗಳು ಒಳಗೆ ಮಲಗಿದ್ದಾಳೆ, ಕಾಯಿಲೆ ಜೋರಾಗಿದೆ. ಕೂಡಿಟ್ಟ ದುಡ್ಡು ಐವತ್ತು ಡಾಲರ್. ಡಾಕ್ಟರು ಆಪರೇಷನ್ನಿಗೆ ಅಷ್ಟನ್ನೇ ಕೇಳುತ್ತಾರೆ, ಉಳಿಯುತ್ತಾಳೆ ಅಂತ ಮಾತು ಕೊಡುವುದಿಲ್ಲ. ಆ ದುಡ್ಡಿದ್ದರೆ, ಮಗಳು ಹೋದರೆ, ತಲೆಗೆ ಗರಿ ಕಟ್ಟಿದ ಕುದುರೆಗಳ ಗಾಡಿಯಲ್ಲಿ ಮರ್ಯಾದೆಯಿಂದ ಕಳಿಸಿಕೊಡಬಹುದು. ತಾಯಿಗೆ ನಿರ್ಧಾರ ಮಾಡಲು ಆಗುವುದಿಲ್ಲ. ಗೆಳತಿ ಪಕ್ಕದಲ್ಲಿ ಕೂತು ಆ ಹುಡುಗಿಯ ಬಿಳಿ ಫ್ರಾಕಿನ ಅಂಚು ಹೊಲಿಯುತ್ತಿರುತ್ತಾಳೆ. ಅಷ್ಟರಲ್ಲಿ ಮಗಳು ತೀರಿಕೊಳ್ಳುತ್ತಾಳೆ. ಹೊಲಿದ ಅಂಚು ಬಿಚ್ಚು ಅಂತ ತಾಯಿ ಹೇಳುತ್ತಾಳೆ. ಕೊನೆಯ ಸಲ ತೊಡಿಸಲು ಉದ್ದ ಬೇಕು ಇನ್ನು. ಅಲ್ಲಿಗೆ ನಾಟಕ ಮುಗಿಯುತ್ತದೆ.

ನಮ್ಮ ನಿರ್ದೇಶಕಿ ಅದನ್ನು ನಿಜವಾಗಿಯೂ ಬಿಚ್ಚಿಸಿದರು. ಪ್ರತಿ ಸಲ, ಪ್ರೇಕ್ಷಕರ ಎದುರಿಗೆ, ಕತ್ತರಿಯಿಂದ. ಹಾಗಾಗಿ ಪ್ರತಿ ಸಲವೂ ಯಾರಾದರೂ ಅದನ್ನು ಮತ್ತೆ ಹೊಲಿಯಬೇಕಿತ್ತು. ಆರು ಪ್ರದರ್ಶನ, ನಾಲ್ಕು ರಿಹರ್ಸಲ್. ಒಂದು ರಾತ್ರಿ ಬಿಟ್ಟರೆ ಅಷ್ಟೂ ಸಲ ಹೊಲಿದವರು ಒಬ್ಬರೇ.

ಅವರ ಹೆಸರು ಹಾಕುವುದಿಲ್ಲ, ಅವರಿಗೆ ಇಷ್ಟವಿಲ್ಲ. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಮೊದಲ ದಿನವೇ ಕೇಳಿದ್ದರು, ನಿಮ್ಮಲ್ಲಿ ದೊಡ್ಡವರನ್ನು ಏನಂತ ಕರೆಯುತ್ತೀರಿ ಅಂತ. ಅಮ್ಮ ಅಂತೀವಿ, ಅಕ್ಕ ಅಂತೀವಿ ಅಂದೆ. ‘ಅಮ್ಮ ನಿನಗೆ ಇದ್ದಾರಲ್ಲ, ಅಕ್ಕ ಅನ್ನು’ ಅಂದರು. ಅವರಿಗೆ ಎಪ್ಪತ್ನಾಲ್ಕು ವರ್ಷ. ಬಟ್ಟೆಯ ಜವಾಬ್ದಾರಿ ಅವರದ್ದು.

ಮೇಕಪ್ ಕೋಣೆಯ ಗೋಡೆಗೆ ನಿರ್ದೇಶಕಿ ಒಂದು ಹಾಳೆ ಅಂಟಿಸಿದ್ದರು. ಕಪ್ಪು ಜನರ ರಂಗಭೂಮಿ ಹೇಗಿರಬೇಕು ಅಂತ 1926ರಲ್ಲಿ, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಹೇಳಿದ ನಾಲ್ಕು ಮಾತು. ನಮ್ಮ ಬಗ್ಗೆ, ನಮ್ಮಿಂದ, ನಮಗಾಗಿ, ನಮ್ಮ ಹತ್ತಿರ. ಡುಬಾಯ್ಸ್ ಅವರ ತಂಡ ನಾಟಕ ಆಡುತ್ತಿದ್ದದ್ದೂ ನೆಲಮಾಳಿಗೆಯಲ್ಲೇ, ನ್ಯೂಯಾರ್ಕಿನ ಹಾರ್ಲೆಮ್ಮಿನ 135ನೇ ಬೀದಿಯ ಲೈಬ್ರರಿಯ ಕೆಳಗೆ. ಆ ಹಾಳೆ ನೋಡಿದಾಗಲೆಲ್ಲ ನನಗೆ ಒಂದು ಪ್ರಶ್ನೆ. ಈ ನಾಲ್ಕರಲ್ಲಿ ನಾನೆಲ್ಲಿ? ಕೇಳಿಯೂ ಬಿಟ್ಟೆ. ನಿರ್ದೇಶಕಿ ಯೋಚಿಸಿ ಹೇಳಿದರು: ‘ಕಥೆ ನಾವು ಹೇಳುತ್ತೇವೆ. ನಮ್ಮ ಮುಖ ಸರಿಯಾಗಿ ಕಾಣುವ ಹಾಗೆ ನೀನು ಮಾಡು.’

ಅದು ಸುಲಭ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಆ ಬಿಳಿ ಫ್ರಾಕು ಇದೆಯಲ್ಲ, ಮೇಲಿನ ಲೈಟೆಲ್ಲ ಅದರ ಮೇಲೇ ಬಿದ್ದು ಹೊಳೆಯುತ್ತಿತ್ತು. ನೋಡುವವರ ಕಣ್ಣು ಆ ಬಿಳುಪಿಗೆ ಹೊಂದಿಕೊಂಡುಬಿಡುತ್ತದೆ, ಪಕ್ಕದ ಕಪ್ಪು ಮುಖ ಕತ್ತಲೆಗೆ ಜಾರುತ್ತದೆ. ತಾಯಿಯ ಕೊನೆಯ ಮಾತಿನಲ್ಲಿ ಫ್ರಾಕು ಕಂಡಿತು, ತಾಯಿ ಕಾಣಲಿಲ್ಲ. ಬೆಳಕು ಹೆಚ್ಚಿಸಿದರೆ ಫ್ರಾಕು ಇನ್ನೂ ಹೊಳೆಯಿತು. ನಟಿಯರನ್ನು ಮನೆಗೆ ಕಳಿಸಿಯಾಗಿತ್ತು. ಅಕ್ಕ ಬಂದು ಅದೇ ಕುರ್ಚಿಯಲ್ಲಿ ಕೂತು, ಫ್ರಾಕು ತೊಡೆಯ ಮೇಲೆ ಹಾಕಿಕೊಂಡು, ಒಂದು ಕೈ ಮುಖದ ಎತ್ತರಕ್ಕೆ ಹಿಡಿದರು. ‘ಹಾಕು ನಿನ್ನ ಬಣ್ಣ’ ಅಂದರು. ಮುಕ್ಕಾಲು ಗಂಟೆ. ಕೈ ಸೋತಾಗ ಇನ್ನೊಂದು ಕೈ. ಮೇಲಿನ ಲೈಟು ಇಳಿಸಿ, ಪಕ್ಕದಿಂದ ಜೇನಿನ ಬಣ್ಣದ ಬೆಳಕು ಕೊಟ್ಟಾಗ ಅವರ ಬೆರಳಿನ ಗೆಣ್ಣು, ಅಂಗೈಯ ಗೆರೆ, ಸೂಜಿ ಚುಚ್ಚಿದ ಗುರುತು ಎಲ್ಲ ಎದ್ದು ಬಂತು. ‘ಆ, ಅದೇ ನಾನು’ ಅಂದರು. ಆರೂ ದಿನ ನಾನು ಹಾಕಿದ್ದು ಅದೇ ಬೆಳಕು.

ಇನ್ನು ಆ ಬುಧವಾರ.

ಶುಕ್ರವಾರ ಮೊದಲ ಪ್ರದರ್ಶನ. ಬುಧವಾರ ರಾತ್ರಿ ಹನ್ನೊಂದಕ್ಕೆ ಊರಿಂದ ಫೋನು. ಇಲ್ಲಿ ಊರಿನಲ್ಲಿ ಆಗ ಗುರುವಾರ ಬೆಳಿಗ್ಗೆ ಒಂಬತ್ತೂವರೆ. ಅಪ್ಪನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಿದ್ದೇವೆ ಅಂದ ತಮ್ಮ. ಅವನ ದನಿಯಲ್ಲೇ ಗೊತ್ತಾಯಿತು. ಹೊರಗೆ ಕೆರೆಯ ಕಡೆಯಿಂದ ಬೀಸುವ ಹಿಮ. ಈರಿ ಸರೋವರದ ಪಕ್ಕದ ಊರುಗಳಲ್ಲಿ ಇದ್ದವರಿಗೆ ಅದು ಗೊತ್ತು, ಗಂಟೆಯೊಳಗೆ ಕಾರು ಮುಚ್ಚಿಹೋಗುತ್ತದೆ. ವಿಮಾನ ಇಲ್ಲ, ರಸ್ತೆ ಇಲ್ಲ. ಎಲ್ಲರೂ ಹೋಗಿದ್ದರು. ಅಕ್ಕ ಕೋಟು ಹಾಕಿಕೊಂಡು ಬಾಗಿಲಲ್ಲಿದ್ದರು, ಮೊಮ್ಮಗ ಟ್ರಕ್ಕಿನಲ್ಲಿ ಕಾಯುತ್ತಿದ್ದ. ನನ್ನ ಮುಖ ನೋಡಿದರು. ಹೊರಗೆ ಹೋಗಿ ಅವನಿಗೆ ಏನೋ ಹೇಳಿ ಕಳಿಸಿ, ವಾಪಸ್ ಬಂದು ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು.

ಏನಾಯಿತು ಅಂತ ಕೇಳಲಿಲ್ಲ. ಎಲ್ಲ ಸರಿಹೋಗುತ್ತದೆ ಅಂತಲೂ ಹೇಳಲಿಲ್ಲ. ಹೀಟರ್ ಪಕ್ಕಕ್ಕೆ ಎರಡು ಕುರ್ಚಿ ಎಳೆದರು. ಫ್ರಾಕು ತೆಗೆದು ಅಂಚು ಹೊಲಿಯಲು ಕೂತರು. ಇನ್ನೊಂದು ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟರು. ನೀನು ಆ ಕಡೆಯಿಂದ ಬಾ ಅಂದರು. ಆ ನಾಟಕದ ಫ್ರಾಕು, ಆ ರಾತ್ರಿ. ಬೇರೆ ಯಾರೇ ಆಗಿದ್ದರೂ ಅದನ್ನು ನನ್ನ ಕಣ್ಣಿಂದ ಮರೆಮಾಡುತ್ತಿದ್ದರು. ಅವರು ಕೈಗೇ ಕೊಟ್ಟರು.

ಸರಿರಾತ್ರಿ ಎರಡರ ಸುಮಾರಿಗೆ ಅವರೇ ಮಾತು ತೆಗೆದರು. ನಮ್ಮ ಸೆಟ್ಟಿನ ಅಡ್ಡಕಂಬಿ ತುಂಬ ಗಿಡ್ಡ ಆಯಿತು ಅಂದರು. 1957ರಲ್ಲಿ, ಆರು ವರ್ಷದವರಿದ್ದಾಗ, ಅಲಬಾಮಾದಿಂದ ತಾಯಿಯ ಜೊತೆ ರೈಲು ಹತ್ತಿದ್ದರಂತೆ. ಅಂಥ ನಿಲ್ದಾಣದಲ್ಲಿ, ಅಂಥದ್ದೇ ಕಂಬಿಯ ಈಚೆ ಕೂತು. ಊಟದ ಬೋಗಿಗೆ ಹೋಗುವ ಹಾಗಿರಲಿಲ್ಲ, ಅದಕ್ಕೇ ಶೂ ಡಬ್ಬಿಯಲ್ಲಿ ಹುರಿದ ಕೋಳಿ, ಬ್ರೆಡ್ಡು ಕಟ್ಟಿಕೊಂಡಿದ್ದರು. ಆ ಕಂಬಿ ತಮ್ಮ ಗದ್ದದವರೆಗೆ ಇತ್ತು ಅಂದರು. ಸೂಜಿ ನಿಲ್ಲಿಸಿ, ಕೈಯಿಂದ ಎತ್ತರ ತೋರಿಸಿದರು. 1910ರಿಂದ 1970ರವರೆಗೆ ಸುಮಾರು ಅರವತ್ತು ಲಕ್ಷ ಕಪ್ಪು ಜನ ಹೀಗೆ ದಕ್ಷಿಣ ಬಿಟ್ಟು ಉತ್ತರಕ್ಕೆ, ಪಶ್ಚಿಮಕ್ಕೆ ಹೋದರು ಅಂತ ಓದಿದ್ದೆ. ಆ ರಾತ್ರಿ ಅದು ಒಂದು ಶೂ ಡಬ್ಬಿಯಾಗಿ, ಒಂದು ಮಗುವಿನ ಗದ್ದವಾಗಿ ಕಂಡಿತು.

ನಿಮ್ಮಪ್ಪನ ಬಗ್ಗೆ ಹೇಳು ಅಂದರು. ಹೇಳಿದೆ. ಅಪ್ಪ ಶಾಲೆಯ ಮೇಷ್ಟ್ರು. ನಮ್ಮ ಕಾಡಿನಲ್ಲಿ ಸಿದ್ದಿಯರಿದ್ದಾರೆ, ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಅಂದೆ. 80ರ ದಶಕದಲ್ಲಿ ನೀನಾಸಂನ ಚಿದಂಬರರಾವ್ ಜಂಬೆಯವರು ಮಂಚಿಕೇರಿಯಲ್ಲಿ ಸಿದ್ದಿಯರಿಂದಲೇ ನೈಜೀರಿಯಾದ ಲೇಖಕ ಚಿನುವಾ ಅಚೆಬೆಯ ಕಾದಂಬರಿಯನ್ನು ನಾಟಕವಾಗಿ ಆಡಿಸಿದ್ದರು, ಅಪ್ಪ ಅದನ್ನು ಎಷ್ಟೋ ಸಲ ಹೇಳುತ್ತಿದ್ದರು ಅಂದೆ. ಅಕ್ಕನ ಕಣ್ಣು ಅರಳಿತು. ‘ನಿಮ್ಮಲ್ಲೂ ನಾವಿದ್ದೇವಾ?’ ಅಂದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ರಾತ್ರಿ ನನಗೆ ಸುಳ್ಳು ಹೇಳಲು ಆಗುತ್ತಿರಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ನಮ್ಮ ಜೊತೆ ಒಬ್ಬ ಸಿದ್ದಿ ಹುಡುಗಿ ಇದ್ದಳು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಅವಳ ಕೂದಲಿಗೆ ನಾವೊಂದು ಹೆಸರಿಟ್ಟಿದ್ದೆವು. ಎಲ್ಲರೂ ಹಾಗೇ ಕರೆಯುತ್ತಿದ್ದರು. ನಾನೂ ಕರೆದೆ. ಮೇಷ್ಟ್ರ ಮಗಳು ನಾನು, ಬೇಡ ಅಂದಿದ್ದರೆ ನಿಲ್ಲುತ್ತಿತ್ತೇನೋ. ಅನ್ನಲಿಲ್ಲ. ಅವಳು ಐದನೇ ಕ್ಲಾಸಿಗೆ ಬರಲೇ ಇಲ್ಲ. ಇದನ್ನೆಲ್ಲ ಹೇಳಿ ಅತ್ತೆ. ಅಪ್ಪನಿಗಾಗಿ ಅತ್ತೆನೋ ಅವಳಿಗಾಗಿ ಅತ್ತೆನೋ ನನಗೇ ಗೊತ್ತಾಗಲಿಲ್ಲ.

ಅಕ್ಕ ಸಮಾಧಾನ ಮಾಡಲಿಲ್ಲ. ಚಿಕ್ಕವಳಿದ್ದೆ ಬಿಡು ಅನ್ನಲಿಲ್ಲ. ಸ್ವಲ್ಪ ಹೊತ್ತು ಹೊಲಿದರು. ಆಮೇಲೆ ಕೇಳಿದರು: ‘ಅವಳ ನಿಜವಾದ ಹೆಸರೇನು?’

ನನಗೆ ನೆನಪಿರಲಿಲ್ಲ. ಇಟ್ಟ ಹೆಸರು ನೆನಪಿತ್ತು, ಅವಳ ಹೆಸರು ನೆನಪಿರಲಿಲ್ಲ.

‘ಊರಿಗೆ ಹೋಗ್ತೀಯಲ್ಲ, ಕೇಳು’ ಅಂದರು. ಅಷ್ಟೇ. ಅಂಚಿನ ನಡುವೆ ಅವರ ಹೊಲಿಗೆ, ನನ್ನ ಹೊಲಿಗೆ ಸೇರಿತು. ಅವರದ್ದು ನೇರ, ಒಂದೇ ಸಮ. ನನ್ನದು ಅಂಕುಡೊಂಕು. ಅದನ್ನು ಹಾಗೇ ಬಿಟ್ಟರು. ನಾಲ್ಕೂವರೆಗೆ ತಮ್ಮನ ಫೋನು ಬಂತು, ಈ ಹೊತ್ತಿಗೆ ಅಪಾಯ ಇಲ್ಲ ಅಂದ. ಅಕ್ಕ ಎದ್ದು ಚರ್ಚಿನ ಅಡಿಗೆಮನೆಯಲ್ಲಿ ನೀರು ಕಾಯಿಸಿ ಟೀ ಮಾಡಿದರು. ಸಕ್ಕರೆ ಜಾಸ್ತಿ ಹಾಕಿದ್ದರು. ಬೆಳಗಾದ ಮೇಲೆ, ಹಿಮ ತೆಗೆಯುವ ಗಾಡಿ ಬಂದ ಮೇಲೆ, ಮೊಮ್ಮಗ ಬಂದು ಇಬ್ಬರನ್ನೂ ಮನೆಗೆ ಬಿಟ್ಟ.

ನಾನು ಮೊದಲ ವಿಮಾನಕ್ಕೇ ಹೊರಡಬೇಕಿತ್ತು ಅಂತ ಕೆಲವರು ಅಂದುಕೊಂಡಿರಬಹುದು. ಅಪ್ಪನೇ ಬೇಡ ಅಂದರು. ಶನಿವಾರ ಫೋನಿನಲ್ಲಿ, ಎರಡೇ ಮಾತು: ‘ನಾಟಕ ಮುಗಿಸಿ ಬಾ.’ ಅವರಿಗೆ ಇದ್ದ ಉಸಿರೇ ಅಷ್ಟು.

ಬಂದೆ. ಮೊದಲ ವಾರ ಅವರಿಗೆ ಮಾತು ಕಷ್ಟವಾಗಿತ್ತು, ಕೇಳಲಿಲ್ಲ. ಮೊನ್ನೆ ಕೇಳಿದೆ. ನಾಲ್ಕನೇ ಕ್ಲಾಸಿನ ಆ ಹುಡುಗಿ, ಹಿಂದಿನ ಸಾಲು, ಅಂದೆ. ಅಪ್ಪ ಕಣ್ಣು ಮುಚ್ಚಿಕೊಂಡರು. ಹಾಜರಿ ಕೂಗುವ ಹಾಗೆ ಶುರು ಮಾಡಿದರು, ನಮ್ಮ ಕ್ಲಾಸಿನ ಒಂದೊಂದೇ ಹೆಸರು, ನನ್ನದನ್ನೂ ಸೇರಿಸಿ. ಹದಿನಾರನೆಯದು ಅವಳದು. ಹೆಸರು, ಅಪ್ಪನ ಹೆಸರು, ಊರು. ಹಳಿಯಾಳದ ಕಡೆ ಕೊಟ್ಟಿದ್ದಾರೆ, ಎರಡು ವರ್ಷದ ಹಿಂದೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು ಮಾತಾಡಿಸಿದಳು ಅಂದರು. ಅವಳನ್ನು ಕೇಳದೆ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೋಗಬೇಕು. ಹೋಗಿ ಏನು ಹೇಳುವುದೋ ಇನ್ನೂ ತಿಳಿದಿಲ್ಲ.

ಬಿಳಿ ಫ್ರಾಕು ನನ್ನ ಸೂಟ್‌ಕೇಸಿನಲ್ಲಿ ಬಂದಿದೆ. ಫೆಬ್ರುವರಿಯಲ್ಲಿ ಒಂದು ಲೈಬ್ರರಿಯಲ್ಲಿ ಮತ್ತೆ ಎರಡು ಪ್ರದರ್ಶನ ಇದೆ, ಈ ಸಲ ಅಂಚು ನಾನೇ ಹೊಲಿಯುತ್ತೇನೆ ಅಂತ ಅಕ್ಕನಿಂದ ಇಸಕೊಂಡು ಬಂದೆ. ಅಮ್ಮ ನೋಡಿ, ಯಾರ ಮಗುವಿನದು ಇದು ಅಂತ ಕೇಳಿದರು. ಕಥೆ ಹೇಳಿದೆ. ಪೂರ್ತಿ ಕೇಳಿದ ಮೇಲೆ ಸುಮ್ನೆ ಅದನ್ನು ತೊಡೆಯ ಮೇಲೆ ಹರಡಿಕೊಂಡು, ಬಿಚ್ಚಿದ ಅಂಚನ್ನು ಬೆರಳಿನಿಂದ ಮಡಚಿ ಗೆರೆ ಮಾಡಿಕೊಟ್ಟರು.

ನಿನ್ನೆ ರಾತ್ರಿ ಅಕ್ಕನಿಗೆ ಆ ಹೆಸರು ಬರೆದು ಕಳಿಸಿದೆ. ಬರೆದರೆ ಸಾಲದು, ನೀನು ಹೇಳುವುದನ್ನು ಕೇಳಬೇಕು ಅಂದರು. ನನ್ನ ದನಿಯಲ್ಲಿ ಹೇಳಿ ಕಳಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಅವರ ಮೂರು ವಾಯ್ಸ್ ಮೆಸೇಜ್. ಮೂರರಲ್ಲೂ ಬರೀ ಆ ಹೆಸರು. ಮೂರನೆಯದರಲ್ಲಿ ಸರಿಯಾಗಿ ಹೇಳಿದ್ದಾರೆ.