ಗೆಳೆಯನಿಗೊಂದು ಪತ್ರ: ಹಳೇ ರಸ್ತೆಯ ಊರಿನಿಂದ

ಚನ್ನಪಟ್ಟಣ

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ಮೈಸೂರಿನಿಂದ ಫೋನ್ ಮಾಡಿದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲೇ ಇದೆ. "ಬೆಂಗಳೂರಿನಿಂದ ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೂವರೆ ಗಂಟೆಯಲ್ಲೇ ಬಂದುಬಿಟ್ಟೆ ಕಣೋ, ಚನ್ನಪಟ್ಟಣ ಯಾವಾಗ ದಾಟಿತೋ ಗೊತ್ತೇ ಆಗಲಿಲ್ಲ" ಅಂದೆ. ಖುಷಿಯಿಂದ ಹೇಳಿದೆ, ಅದರಲ್ಲಿ ತಪ್ಪೇನೂ ಇಲ್ಲ. ನಾನೂ "ಒಳ್ಳೇದಾಯ್ತು ಬಿಡು" ಅಂದು ಸುಮ್ಮನಾದೆ. ರಾತ್ರಿ ಹೋಟೆಲ್ ಬಾಗಿಲು ಹಾಕಿ ಮನೆಗೆ ನಡೆದು ಬರುವಾಗ ಮನಸ್ಸು ತಡೆಯಲಿಲ್ಲ. ನೀನು ಹುಟ್ಟಿ ಬೆಳೆದ ಊರು ಕಣೋ ಇದು. ನಿನಗೇ ಗೊತ್ತಾಗದೆ ದಾಟಿಹೋಯಿತು ಅಂದರೆ ಬೇರೆಯವರ ಮಾತೇನು? ಅದಕ್ಕೇ ಬರೆಯಲು ಕೂತೆ. ನಮ್ಮ ಜೊತೆ ಓದಿ ಊರು ಬಿಟ್ಟವರೆಲ್ಲ ಓದಲಿ ಅಂತ ಎಲ್ಲರ ಮುಂದೆಯೇ ಇಡುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ನಮ್ಮ ಹೋಟೆಲ್ ನಿನಗೆ ಚೆನ್ನಾಗಿ ನೆನಪಿರುತ್ತದೆ. ಹಿಂದಿನ ಉಗ್ರಾಣದಲ್ಲಿ ಬೇಳೆ ಮೂಟೆಗೆ ಒರಗಿಕೊಂಡೇ ಇಬ್ಬರೂ ಎಸ್ಸೆಸ್ಸೆಲ್ಸಿಗೆ ಓದಿದ್ದು. ಆಗ ಅಪ್ಪ ಶುಕ್ರವಾರ ಮಧ್ಯಾಹ್ನ 20 ಕೆ.ಜಿ. ಅಕ್ಕಿ ನೆನೆ ಹಾಕಿಸುತ್ತಿದ್ದರು. ಶನಿವಾರ ಬೆಳಗ್ಗೆ ಹತ್ತು ಹೊಡೆಯುವಷ್ಟರಲ್ಲಿ ಹಿಟ್ಟಿನ ಪಾತ್ರೆ ಖಾಲಿ. ಈಗ ನಾನು ನೆನೆ ಹಾಕುವುದು 6 ಕೆ.ಜಿ. ಅದರಲ್ಲೂ ಮಿಗುತ್ತದೆ. ಮಿಕ್ಕ ಹಿಟ್ಟು ಮಧ್ಯಾಹ್ನದ ಸೆಕೆಗೆ ಹುಳಿ ಬಂದು ಪಾತ್ರೆಯ ಬಾಯಿಯವರೆಗೂ ಉಬ್ಬುತ್ತದೆ, ಮುಚ್ಚಳ ಮೇಲೇಳುತ್ತದೆ. ಅದನ್ನು ನೋಡಿದಾಗೆಲ್ಲ ಹೊಟ್ಟೆ ಚುರ್ ಅನ್ನುತ್ತದೆ. ಎಂಟು ಜನ ಕೆಲಸ ಮಾಡುತ್ತಿದ್ದ ಜಾಗದಲ್ಲಿ ಈಗ ನಾನು, ನನ್ನ ಹೆಂಡತಿ, ಭಟ್ಟರು, ಒಬ್ಬ ಸಪ್ಲೈಯರ್ ಅಷ್ಟೇ. ಭಟ್ಟರಿಗೆ ಮಂಡಿ ನೋವು. ಆದರೂ "ನೀನು ಬಾಗಿಲು ಹಾಕೋವರೆಗೂ ನಾನು ಎಲ್ಲಿಗೂ ಹೋಗಲ್ಲ ಕಣಪ್ಪ" ಅನ್ನುತ್ತಾರೆ.

ಇದು ಒಂದೇ ದಿನಕ್ಕೆ ಆದದ್ದಲ್ಲ. ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದದ್ದು 2023ರ ಮಾರ್ಚ್ 12ಕ್ಕೆ. ಅದಕ್ಕೂ ಮೊದಲೇ ರಾಮನಗರ–ಚನ್ನಪಟ್ಟಣ ಬೈಪಾಸಿನಲ್ಲಿ ಗಾಡಿ ಬಿಟ್ಟಿದ್ದರು. ಬೆಂಗಳೂರಿನಿಂದ ಮೈಸೂರಿಗೆ 118 ಕಿಲೋಮೀಟರ್. ದಾರಿಯಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲವನ್ನೂ ಬಳಸಿಕೊಂಡು ಹೋಗುತ್ತದೆ. ಈ ಊರುಗಳ ಹೆಸರನ್ನು ಹಾಗೇ ಒಂದು ಸಲ ಓದಿ ನೋಡು. ಬಿಡದಿ ಅಂದರೆ ತಟ್ಟೆ ಇಡ್ಲಿ, ಮದ್ದೂರು ಅಂದರೆ ವಡೆ, ನಮ್ಮೂರು ಅಂದರೆ ಗೊಂಬೆ. ರೈಲಿನವರು, ಬಸ್ಸಿನವರು, ಕಾರಿನವರು ನಿಂತು, ಇಳಿದು, ತಿಂದು, ಕೊಂಡು ಹೋಗಿದ್ದರಿಂದಲೇ ಈ ಹೆಸರು ಬಂದದ್ದು. ಈಗ ನಿಲ್ಲುವವರೇ ಇಲ್ಲ.

ಮೈಸೂರಿನ ತಡೆರಹಿತ ಬಸ್ಸುಗಳೂ ಮೇಲಿನಿಂದಲೇ ಹೋಗುತ್ತವೆ. ಬಸ್ಸಿನ ಕಿಟಕಿಗೆ ಸೌತೆಕಾಯಿ, ಸೀಬೆಹಣ್ಣು, ಬೇಯಿಸಿದ ಕಡಲೆಕಾಯಿ ಎತ್ತಿ ಹಿಡಿಯುತ್ತಿದ್ದ ಹೆಂಗಸರು ಇದ್ದರಲ್ಲ, ಅವರಲ್ಲಿ ಒಬ್ಬರು ಈಗ ನಮ್ಮ ಹೋಟೆಲಿಗೆ ಪಾತ್ರೆ ತೊಳೆಯುವ ಕೆಲಸ ಕೇಳಿಕೊಂಡು ಬಂದರು. ಕೊಡುವ ಹಾಗಿರಲಿಲ್ಲ. ಕಾಫಿ ಕೊಟ್ಟು ಕಳಿಸಿದೆ. ಆ ದಿನ ರಾತ್ರಿ ಊಟ ಸೇರಲಿಲ್ಲ ನನಗೆ.

ಗೊಂಬೆ ಅಂಗಡಿಗಳ ಕಥೆ ನಿನಗೆ ಬಿಡಿಸಿ ಹೇಳಬೇಕು, ಯಾಕಂದರೆ ಹೊರಗಿನವರು ಇದನ್ನು ತಪ್ಪು ತಿಳಿದುಕೊಂಡಿದ್ದಾರೆ. ಚನ್ನಪಟ್ಟಣದ ಗೊಂಬೆ ಸತ್ತಿಲ್ಲ. ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಇದೆ. 2020ರಲ್ಲಿ ಪ್ರಧಾನಿಗಳು ರೇಡಿಯೋದಲ್ಲಿ ನಮ್ಮೂರಿನ ಹೆಸರು ಹೇಳಿದರು. ಹೊರದೇಶಕ್ಕೆ ಕಳಿಸುವವರು, ಆನ್‌ಲೈನಿನಲ್ಲಿ ಮಾರುವವರು ಹೇಗೋ ನಡೆಸಿಕೊಂಡು ಹೋಗುತ್ತಿದ್ದಾರೆ. ಹೊಡೆತ ಬಿದ್ದಿರುವುದು ರಸ್ತೆ ಬದಿಯ ಅಂಗಡಿಗಳಿಗೆ, ಆ ಅಂಗಡಿಗಳನ್ನೇ ನಂಬಿಕೊಂಡು ಮನೆಯಲ್ಲಿ ಮರ ಕಡೆಯುವ ಒಂದೋ ಎರಡೋ ಯಂತ್ರ ಇಟ್ಟುಕೊಂಡಿದ್ದವರಿಗೆ.

ನಮ್ಮ ಬೀದಿಯ ಕೊನೆಯ ಸಾಹೇಬರ ಮನೆ ನೆನಪಿದೆಯಾ? ಸ್ಕೂಲು ಬಿಟ್ಟ ಮೇಲೆ ಅವರ ಜಗಲಿ ಮೇಲೆ ಕೂತು ಅವರು ಗೊಂಬೆ ಮಾಡುವುದನ್ನು ನೋಡುತ್ತಿದ್ದೆವಲ್ಲ. ಹೋದ ತಿಂಗಳು ಹೋಗಿದ್ದೆ. ಕೆಲಸ ಮಾಡುತ್ತಲೇ ಮಾತಾಡಿದರು. ಆಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿದರು. ತಿರುಗುತ್ತಿದ್ದ ಹಾಗೆ ಉಳಿ ಹಿಡಿದರು, ಬೆಳ್ಳಗಿನ ಹೊಟ್ಟು ಸುರುಳಿ ಸುರುಳಿಯಾಗಿ ಅವರ ಮಡಿಲಿಗೆ ಬಿತ್ತು. ಎರಡು ನಿಮಿಷಕ್ಕೆ ಬುಗುರಿಯ ಆಕಾರ. ಆಮೇಲೆ ಕೆಂಪು ಅರಗಿನ ಕಡ್ಡಿ ಒತ್ತಿದರು. ತಿರುಗುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಬೆಂಕಿ ಇಲ್ಲ, ಕುಂಚ ಇಲ್ಲ. ಕೊನೆಗೆ ಒಣಗಿದ ಕೇದಗೆ ಗರಿ ಮಡಚಿ ಒತ್ತಿ ಹಿಡಿದರು ನೋಡು, ಗಾಜಿನ ಹಾಗೆ ಹೊಳೆಯಿತು. ಅದನ್ನು ನನ್ನ ಅಂಗೈಗೆ ಹಾಕಿದರು. ಇನ್ನೂ ಬೆಚ್ಚಗಿತ್ತು.

"ಮೊದಲು ದಿನಕ್ಕೆ ಎಷ್ಟು ಮಾಡಿದರೂ ಸಂಜೆಗೆ ಅಂಗಡಿಯವರೇ ಬಂದು ತಗೊಂಡು ಹೋಗ್ತಿದ್ದರು" ಅಂದರು. ಈಗ ಅವರೇ ಚೀಲ ಹೊತ್ತು ಅಂಗಡಿಗೆ ಹೋಗುತ್ತಾರೆ. "ಹಳೇ ಮಾಲೇ ಇದೆ, ಮುಂದಿನ ವಾರ ನೋಡೋಣ" ಅಂತ ವಾಪಸ್ ಕಳಿಸುತ್ತಾರಂತೆ. ಅವರ ಮಗ ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ಅವನಿಗೆ ಉಳಿ ಹಿಡಿಯಲು ಬರುತ್ತದೆ, ಕೈಯೂ ಚೆನ್ನಾಗಿದೆ. ತಿಂಗಳ ಸಂಬಳ ಬಿಟ್ಟು ಬಾ ಅಂತ ಯಾವ ಬಾಯಲ್ಲಿ ಹೇಳಲಿ ಅಂದರು.

ಇಷ್ಟು ವ್ಯಾಪಾರದ ಮಾತಾಯಿತು. ನಾನು ನಿನಗೆ ಹೇಳಬೇಕೆಂದಿದ್ದದ್ದು ಇನ್ನೊಂದು, ನಮ್ಮ ಬೀದಿಯ ಹಬ್ಬ ಸೊರಗಿದ ಮಾತು.

ದೀಪಾವಳಿಗೆ ಅಟ್ಟ ಗುಡಿಸುವಾಗ ನಮ್ಮ ಬೀದಿಯ ಗಣೇಶನ ಹಬ್ಬದ ಹಳೇ ಚಂದಾ ರಸೀದಿ ಪುಸ್ತಕ ಸಿಕ್ಕಿತು. 1994ರದ್ದು. ಅಪ್ಪ ಖಜಾಂಚಿ ಆಗಿದ್ದ ವರ್ಷ. ಅಂಚೆಲ್ಲ ಗೆದ್ದಲು ತಿಂದಿದೆ, ಅಪ್ಪನ ಅಕ್ಷರ ಹಾಗೇ ಇದೆ. ಕೂತು ಓದಿದೆ. ಗೊಂಬೆ ಅಂಗಡಿ 501 ರೂಪಾಯಿ. ಬೇಕರಿ 101 ರೂಪಾಯಿ, ಜೊತೆಗೆ 5 ಕೆ.ಜಿ. ಖಾರ. ಫೋಟೋ ಸ್ಟುಡಿಯೋ 101. ಲಾರಿ ಪಂಕ್ಚರ್ ಅಂಗಡಿ 51. ಎಳನೀರಿನವರು 11. ಸಾಹೇಬರ ಹೆಸರಿನ ಮುಂದೆ ರೂಪಾಯಿ ಇಲ್ಲ, "ಮಕ್ಕಳ ಆಟಕ್ಕೆ ಬಹುಮಾನ, 40 ಬುಗುರಿ" ಅಂತ ಬರೆದಿದ್ದಾರೆ. ಆ ವರ್ಷ ಮ್ಯೂಸಿಕಲ್ ಚೇರ್‌ನಲ್ಲಿ ಗೆದ್ದು ನಿನ್ನ ತಂಗಿ ಒಂದು ಬುಗುರಿ ತಂದಿದ್ದಳಲ್ಲ, ಇದರದ್ದೇ.

ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಹೋದೆ. ಗೊಂಬೆ ಅಂಗಡಿ ಹೋದ ವರ್ಷ ಮುಚ್ಚಿತು, ಈಗ ಅಲ್ಲಿ ಗೋಡೌನ್. ಪಂಕ್ಚರ್ ಅಂಗಡಿ ಇಲ್ಲ. ಸ್ಟುಡಿಯೋ ಇಲ್ಲ, ಅದನ್ನು ಮುಚ್ಚಿಸಿದ್ದು ಮೊಬೈಲು. ಬೇಕರಿ ಇದೆ, ಮಗ ನಡೆಸುತ್ತಾನೆ. ಆ ಪುಸ್ತಕದಲ್ಲಿ 62 ಹೆಸರಿದೆ ಕಣೋ. ಇವತ್ತಿಗೂ ಬಾಗಿಲು ತೆಗೆದಿರುವ ಅಂಗಡಿ 9.

ಹಬ್ಬ ಯಾಕೆ ಸೊರಗಿತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೆ. ಜನಕ್ಕೆ ಭಕ್ತಿ ಇಲ್ಲ ಅನ್ನುತ್ತಾರೆ, ಹುಡುಗರು ಮೊಬೈಲ್ ಬಿಟ್ಟು ಏಳಲ್ಲ ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಪುಸ್ತಕ ಓದಿದ ಮೇಲೆ ಬೇರೆ ಅನ್ನಿಸಿತು. ನಮ್ಮ ಹಬ್ಬಕ್ಕೆ ದುಡ್ಡು ಬರುತ್ತಿದ್ದದ್ದು ಆ ರಸ್ತೆಯಿಂದ. ಯಾರೋ ಮೈಸೂರಿಗೆ ಹೋಗುವವರು ಮಗುವಿಗೊಂದು ಗಿಲಕಿ ಕೊಂಡರು, ಒಂದು ಎಳನೀರು ಕುಡಿದರು, ಟೈರಿಗೆ ಗಾಳಿ ಹಿಡಿಸಿಕೊಂಡರು. ಅದರಲ್ಲಿ ಸ್ವಲ್ಪ ಗಣೇಶನ ಪೆಂಡಾಲಿಗೆ ಬಂತು, ಸ್ವಲ್ಪ ರಾಮನವಮಿಯ ಪಾನಕಕ್ಕೆ, ಸ್ವಲ್ಪ ನಾಟಕಕ್ಕೆ. ದುಡ್ಡು ಮಾತ್ರ ಅಂತಲೂ ಅಲ್ಲ. ಅಂಗಡಿಯವನು ಇಡೀ ದಿನ ಊರಿನಲ್ಲೇ ಇರುತ್ತಾನೆ. ಪೆಂಡಾಲಿಗೆ ಗಳ ನೆಡಲು ಕರೆದರೆ ಪಕ್ಕದವನಿಗೆ ಅಂಗಡಿ ನೋಡಿಕೋ ಅಂತ ಹೇಳಿ ಬರುತ್ತಾನೆ. ಈಗ ನಮ್ಮ ಹುಡುಗರು ಬೆಳಗಿನ ಮೊದಲ ರೈಲಿಗೆ ಬೆಂಗಳೂರಿಗೆ ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ. ಅವರನ್ನು ಏಳಿಸಿ ಪ್ರಾಕ್ಟೀಸಿಗೆ ಬಾ ಅನ್ನಲು ನನಗೇ ಮನಸ್ಸು ಬರಲ್ಲ.

ಅಂಗಡಿಯವರ ಚಂದಾ ನಿಂತ ಮೇಲೆ ಆ ಜಾಗಕ್ಕೆ ಬಂದದ್ದು ಫ್ಲೆಕ್ಸು. ಒಬ್ಬರೇ ದೊಡ್ಡ ಮೊತ್ತ ಕೊಡುತ್ತಾರೆ, ಅವರ ಫೋಟೋ ಗಣೇಶನಿಗಿಂತ ದೊಡ್ಡದಾಗಿ ನಿಲ್ಲುತ್ತದೆ. ಕೊಡದ ವರ್ಷ ಪೆಂಡಾಲೇ ಇಲ್ಲ. 11 ರೂಪಾಯಿ ಕೊಟ್ಟ ಎಳನೀರಿನವರು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅದು ಅವರ ಹಬ್ಬವೂ ಆಗಿತ್ತು. ಆ ಕುರ್ಚಿ ಹೋಯಿತಲ್ಲ, ಅದೇ ನನಗೆ ಜಾಸ್ತಿ ನೋವು ಕೊಡುವುದು.

ನಾಟಕದ ಮಾತು ಬಂತು. ನೀನು ಅಭಿಮನ್ಯು ಮಾಡಿದ್ದು ಮರೆತಿಲ್ಲ ತಾನೇ? ಮೂರು ತಿಂಗಳು ರಾತ್ರಿ ಹಾರ್ಮೋನಿಯಂ ಮೇಷ್ಟ್ರು ಬಂದು ನಮಗೆ ಕಂದಪದ್ಯ ಕಲಿಸುತ್ತಿದ್ದರು. ದುರ್ಯೋಧನನ ಪಾತ್ರಕ್ಕೆ ಜಾಸ್ತಿ ದುಡ್ಡು, ಭೀಮನಿಗೆ ಅದಕ್ಕಿಂತ ಕಡಿಮೆ, ಹೀಗೆ ಪಾತ್ರ ಮಾಡುವವರೇ ಕೈಯಿಂದ ಹಾಕಿಕೊಂಡು ಸೀನರಿ, ಡ್ರೆಸ್ಸು ತರಿಸುತ್ತಿದ್ದರು. ರಾತ್ರಿ ಹತ್ತಕ್ಕೆ ಶುರುವಾದರೆ ಮುಗಿಯುವುದು ಬೆಳಕು ಹರಿದ ಮೇಲೆ. ನೀನು ಚಕ್ರವ್ಯೂಹದಲ್ಲಿ ಬಿದ್ದಾಗ ನಿಮ್ಮಮ್ಮ ಮುಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಸುತ್ತಲ ಹಳ್ಳಿಗಳಲ್ಲಿ ಈಗಲೂ ಪೌರಾಣಿಕ ನಾಟಕ ಆಡುತ್ತಾರೆ, ಜನ ಚಾಪೆ ಹಿಡಿದುಕೊಂಡು ಬರುತ್ತಾರೆ. ನಮ್ಮ ಬೀದಿಯಲ್ಲಿ ನಿಂತು ಕೆಲವು ವರ್ಷವಾಯಿತು.

ಕೆಂಗಲ್ ದನಗಳ ಜಾತ್ರೆಗೂ ಹೋಗಿ ಬಂದೆ. ಹಳ್ಳಿಕಾರ್ ಎತ್ತುಗಳ ಜೋಡಿ ಈಗಲೂ ಬರುತ್ತವೆ, ನೋಡಲು ಕಣ್ಣು ಸಾಲದು. ಆದರೆ ನಾವು ಹುಡುಗರಾಗಿದ್ದಾಗಿನ ಸಾಲು ಇಲ್ಲ. ಇದಕ್ಕೆ ರಸ್ತೆಯನ್ನು ದೂರುವುದು ಸರಿಯಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷವಾಯಿತು, ನಡುವೆ ಚರ್ಮಗಂಟು ರೋಗ ಬಂದು ದನಗಳ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು.

ರಸ್ತೆಯ ವಿಷಯದಲ್ಲೂ ನ್ಯಾಯವಾಗಿ ಮಾತಾಡಬೇಕು. ಹಳೇ ಹೆದ್ದಾರಿ ಊರ ನಡುವೆ ಇದ್ದಾಗ ಭಾನುವಾರ ಸಂಜೆ ರಸ್ತೆ ದಾಟಲು ಕಾಲು ಗಂಟೆ ಕಾಯುತ್ತಿದ್ದೆವು. ನಮ್ಮ ಜೊತೆ ಏಳನೇ ಕ್ಲಾಸಿನಲ್ಲಿದ್ದವನೊಬ್ಬ ಲಾರಿ ಕೆಳಗೆ ಸಿಕ್ಕಿ ಹೋದದ್ದು ನೀನು ಮರೆತಿರಲಾರೆ. ಆ ಲಾರಿಗಳು ಮತ್ತೆ ಊರೊಳಗೆ ಬರಲಿ ಅಂತ ನಾನು ಯಾವತ್ತೂ ಕೇಳಲ್ಲ. ಮೈಸೂರಿನ ಆಸ್ಪತ್ರೆಗೆ ಅಪ್ಪನನ್ನು ಕರೆದುಕೊಂಡು ಹೋಗುವಾಗ ನಾನೂ ಎಕ್ಸ್‌ಪ್ರೆಸ್‌ವೇ ಹಿಡಿದೇ ಹೋದೆ. ನಾನು ಕೇಳುವುದು ಇಷ್ಟೇ. ಅಷ್ಟು ದೊಡ್ಡ ರಸ್ತೆ ಮಾಡಿದವರು ಈ ಊರುಗಳಿಗೆ ಇಳಿಯುವ ದಾರಿ ಸಲೀಸಾಗಿ ಮಾಡಿ, ಇಲ್ಲೊಂದು ಊರಿದೆ, ಇಲ್ಲಿ ಗೊಂಬೆ ಮಾಡುತ್ತಾರೆ ಅಂತ ಎದ್ದು ಕಾಣುವ ಬೋರ್ಡು ಹಾಕಬೇಕಿತ್ತು. ಗೊಂಬೆಯವರಿಗೆ ಹೆದ್ದಾರಿ ಪಕ್ಕದಲ್ಲೇ ಮಳಿಗೆಗೆ ಜಾಗ ಕೊಡಬೇಕು. ಕೇಳುತ್ತಲೇ ಇದ್ದೇವೆ, ಅರ್ಜಿಗಳ ಮೇಲೆ ಅರ್ಜಿ ಕೊಟ್ಟಿದ್ದೇವೆ.

ಈಗ ನಿನಗೆ ನನ್ನ ಅರ್ಜಿ. ಈ ಸಲ ಬೀದಿಯವರೆಲ್ಲ ಸೇರಿ ಗಣೇಶ ಕೂರಿಸುತ್ತಿದ್ದೇವೆ. ಫ್ಲೆಕ್ಸ್ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ಚಂದಾ ಮನೆಗೆ 50 ರೂಪಾಯಿ, ಯಾರೂ ಅದಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. ಸಾಹೇಬರು ಬುಗುರಿ ಕೊಡುತ್ತೇನೆ ಅಂದಿದ್ದಾರೆ. ಇಡೀ ರಾತ್ರಿಯ ನಾಟಕಕ್ಕೆ ಶಕ್ತಿ ಇಲ್ಲ, ಎರಡು ಗಂಟೆಯದ್ದು ಒಂದು ಪ್ರಸಂಗ ಆಡುತ್ತೇವೆ. ಮೇಷ್ಟ್ರ ಮಗ ಹಾರ್ಮೋನಿಯಂ ನುಡಿಸಲು ಒಪ್ಪಿದ್ದಾನೆ. ಹುಡುಗರು ಭಾನುವಾರ ಮಾತ್ರ ಪ್ರಾಕ್ಟೀಸಿಗೆ ಬರುತ್ತಾರೆ, ಅಷ್ಟರಲ್ಲೇ ಕಲಿಯುತ್ತಿದ್ದಾರೆ. ಬೇಕರಿಯವನ ಮಗಳು ಉತ್ತರೆ. ಅವಳ ಗಂಟಲು ಕೇಳಬೇಕು ನೀನು.

ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಾ. ಬಿಡದಿಗೆ ಮೊದಲೇ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರಸ್ತೆ ಹಿಡಿ. ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ನಿಧಾನವಾಗಿ ಬರಬೇಕಾಗುತ್ತದೆ, ಮುಕ್ಕಾಲು ಗಂಟೆ ಜಾಸ್ತಿ ಅಂದುಕೋ. ರಾಮನಗರದ ಹತ್ತಿರ ಜಾನಪದ ಲೋಕ ಸಿಗುತ್ತದೆ, ಮಕ್ಕಳಿಗೆ ತೋರಿಸು. ಕೆಂಗಲ್‌ನಲ್ಲಿ ಹನುಮಂತನಿಗೆ ಕೈ ಮುಗಿದು ಬಾ. ಮಕ್ಕಳನ್ನು ಸಾಹೇಬರ ಮನೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಬಿಸಿ ಬುಗುರಿ ಕೈಯಲ್ಲಿ ಹಿಡಿಯಲಿ ಅವು.

ಎಷ್ಟು ಜನ ಬರುತ್ತೀರಿ ಅಂತ ಹಿಂದಿನ ದಿನ ಮಧ್ಯಾಹ್ನದೊಳಗೆ ಫೋನ್ ಮಾಡು. ಅಷ್ಟು ಅಕ್ಕಿ ಜಾಸ್ತಿ ನೆನೆ ಹಾಕಲು ಭಟ್ಟರಿಗೆ ಹೇಳುತ್ತೇನೆ.

ಇಂತಿ ನಿನ್ನ ಗೆಳೆಯ,
ಬಸ್ ಸ್ಟ್ಯಾಂಡ್ ಹೋಟೆಲಿನವನು